ಏರಿಯ ಕೆಳಗಿನ ನೆರೆಯವರು

ತನ್ನ ಹೊಲದ ಮೇಲೆ ಬಿದ್ದ ಮಳೆನೀರನ್ನು ರೈತನೊಬ್ಬ ಒಡ್ಡು ಕಟ್ಟಿ ನಿಲ್ಲಿಸಿಕೊಂಡರೆ ಅದರಲ್ಲಿ ತಪ್ಪೇನೂ ಇಲ್ಲ. ಅದು ವಿವೇಕದ ಕೆಲಸ. ಸುತ್ತಲಿನ ಬಾವಿಗಳಿಗೂ ಅದರಿಂದ ಒಳಿತು. ಆದರೆ ನಿಂತ ನೀರು ಏರಿಯನ್ನು ಒಡೆದು ಹೊರಟಿತೆಂದರೆ ಅದು ಬೇಲಿಯನ್ನು ನೋಡುವುದಿಲ್ಲ, ಉತಾರವನ್ನು ಓದುವುದಿಲ್ಲ. ಹಾಗಿರುವಾಗ ಸ್ವಂತ ಕೆರೆ ಕಟ್ಟಿಸಿಕೊಂಡವನ ಹೊಣೆ ಅವನ ಹೊಲದ ಗಡಿಯಲ್ಲಿಯೇ ಮುಗಿಯುತ್ತದೆಯೇ?

ಖಾನಾಪುರ ತಾಲೂಕಿನವರಿಗೆ ಈ ಪ್ರಶ್ನೆ ಹೊರಗಿನದಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿ, ಅದರಾಚೆಯ ಜಾಂಬೋಟಿ, ಲೋಂಡಾ ಕಡೆಗಳಲ್ಲಿ ಮುಂಗಾರು ಬಿಡುವಿಲ್ಲದೆ ಸುರಿಯುತ್ತದೆ. ಬೇಸಿಗೆಯಲ್ಲಿ ತೋಟಗಳು ಬಾಯಾರುತ್ತವೆ. ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕುವ ಆಸೆ ಅಲ್ಲಿ ಸಹಜವೇ. ಏರಿ ಖಾನಾಪುರದಲ್ಲಿದ್ದು, ಅದರ ಒಡೆಯ ಇಪ್ಪತ್ತೈದಾರು ಕಿಲೋಮೀಟರು ದೂರದ ಬೆಳಗಾವಿ ನಗರದಲ್ಲಿ ವಾಸವಾಗಿರಬಹುದು. ಕೆಳಗಿನ ಗದ್ದೆಯಲ್ಲಿ ನಾಟಿ ಮಾಡುವವರು ಅವನ ಮುಖವನ್ನೇ ಕಂಡಿರಲಿಕ್ಕಿಲ್ಲ. ಆದರೂ ಅವರ ಪ್ರಾಣ ಅವನ ಎಚ್ಚರದ ಮೇಲೆ ನಿಂತಿದೆ.

ಮಣ್ಣಿನ ಏರಿ ಒಂದೇ ರಾತ್ರಿಯಲ್ಲಿ ಒಡೆದಂತೆ ಕಾಣುತ್ತದೆ. ಆದರೆ ಅದು ಶಿಥಿಲವಾಗುತ್ತ ಬಂದದ್ದು ವರ್ಷಗಳಿಂದ. ಕೋಡಿಯಲ್ಲಿ ಗಿಡಗಂಟಿ ಬೆಳೆಯುತ್ತವೆ. ಇಲ್ಲವೆ ಮೀನು ತಪ್ಪಿಸಿಕೊಳ್ಳದಿರಲೆಂದು ಯಾರೋ ಅದಕ್ಕೆ ಬಲೆ ಕಟ್ಟುತ್ತಾರೆ. ಆಗ ಹೆಚ್ಚಿದ ನೀರು ಏರಿಯ ನೆತ್ತಿಯ ಮೇಲೆ ಹರಿದು ಮಣ್ಣನ್ನು ಕೊರೆಯುತ್ತದೆ. ಇಲಿ ಏಡಿಗಳ ಬಿಲಗಳು, ಕಡಿದ ಮರದ ಕೊಳೆತ ಬೇರುಗಳು ಒಳಗೊಳಗೇ ನೀರಿಗೆ ದಾರಿ ಮಾಡಿಕೊಡುತ್ತವೆ. ಏರಿಯ ಹಿಂಬದಿಯಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ಅದರ ಮೇಲೆ ಕಣ್ಣಿಟ್ಟಿರಬೇಕು. ಕದಡಿ ಬಂದರೆ ಏರಿಯ ಒಳಮಣ್ಣೇ ಕೊಚ್ಚಿ ಬರುತ್ತಿದೆಯೆಂದು ತಿಳಿಯಬೇಕು.

ನಮ್ಮ ಸಹ್ಯಾದ್ರಿಯ ಸಾಲಿನಲ್ಲಿಯೇ, ರತ್ನಾಗಿರಿ ಜಿಲ್ಲೆಯ ತಿವರೆ ಎಂಬಲ್ಲಿ, 2019ರ ಜುಲೈ 2ರ ರಾತ್ರಿ ಸಣ್ಣದೊಂದು ಮಣ್ಣಿನ ಅಣೆಕಟ್ಟು ಒಡೆದು ಸುಮಾರು ಇಪ್ಪತ್ತು ಜನ ತೀರಿಕೊಂಡರು. ಅದು ಸರಕಾರಿ ಅಣೆಕಟ್ಟು. ನೀರು ಸೋರುತ್ತಿದೆಯೆಂದು ಊರವರು ಮೊದಲೇ ದೂರಿದ್ದರು. ದುರಂತದ ಬಳಿಕ ಸಚಿವರೊಬ್ಬರು ಏಡಿಗಳತ್ತ ಬೆರಳು ತೋರಿಸಿದರು. ಬಿಲ ತೋಡುವುದು ಏಡಿಯ ಸ್ವಭಾವ. ಅದನ್ನು ಹುಡುಕಿ ಮುಚ್ಚುವುದು ಮನುಷ್ಯನ ಕರ್ತವ್ಯ. ಖಾಸಗಿ ಒಡೆತನದ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಅಮೆರಿಕದ ಜಾನ್ಸ್‌ಟೌನ್ ಪಟ್ಟಣದ ಮೇಲ್ಗಡೆ ಸಿರಿವಂತರ ಕ್ಲಬ್ಬೊಂದಕ್ಕೆ ಸೇರಿದ ಮಣ್ಣಿನ ಅಣೆಕಟ್ಟು ಇತ್ತು. ಅದರ ಕೋಡಿಗೆ ಮೀನಿನ ಜಾಲರಿ ಹಾಕಿದ್ದರು. 1889ರ ಮೇ 31ರಂದು ಅದು ಒಡೆದಾಗ 2,209 ಜನ ಸತ್ತರು. ನ್ಯಾಯಾಲಯದಲ್ಲಿ ಕ್ಲಬ್ಬಿನ ಮೇಲೆ ಹೊಣೆ ನಿಲ್ಲಲಿಲ್ಲ.

ಇಲ್ಲಿ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಇಬ್ಬರು ತೋಟಗಾರರನ್ನು ಊಹಿಸಿಕೊಳ್ಳೋಣ. ಇಬ್ಬರೂ ಕೋಡಿಯನ್ನು ಸ್ವಚ್ಛಗೊಳಿಸಲಿಲ್ಲ. ಇಬ್ಬರೂ ಜಿನುಗನ್ನು ಕಂಡೂ ಸುಮ್ಮನಿದ್ದರು. ಒಂದು ರಾತ್ರಿ ಒಬ್ಬನ ಗುಡ್ಡದ ಮೇಲೆ ಮಾತ್ರ ಮಳೆ ಸುರಿದು, ಅವನ ಏರಿ ಒಡೆದು, ಕೆಳಗಿನ ಮನೆಯೊಂದು ಕೊಚ್ಚಿಹೋಯಿತು. ಅವನನ್ನು ಊರೇ ಶಪಿಸುತ್ತದೆ. ಇನ್ನೊಬ್ಬನು ಮರುದಿನವೂ ಮರ್ಯಾದಸ್ಥನೇ. ಇವರಿಬ್ಬರ ತಪ್ಪುಗಳಲ್ಲಿ ಇರುವ ಅಂತರವಾದರೂ ಏನು? ಒಂದು ಮೋಡ, ಅಷ್ಟೆ. ಮೊದಲನೆಯವನು ನಷ್ಟ ತುಂಬಿಕೊಡಬೇಕು, ನಿಜ. ಆ ಸಾಲ ಎರಡನೆಯವನಿಗಿಲ್ಲ. ಆದರೆ ಉದಾಸೀನದ ತೂಕ ಇಬ್ಬರಲ್ಲಿಯೂ ಒಂದೇ.

ಕಾನೂನು ಸಾಮಾನ್ಯವಾಗಿ ಒಡೆದ ಮೇಲೆ ಮಾತಾಡುತ್ತದೆ. ಸುಮಾರು 3,700 ವರ್ಷಗಳ ಹಿಂದಿನ ಬಾಬಿಲೋನಿನ ಹಮ್ಮುರಾಬಿಯ ಶಾಸನವು, ಸೋಮಾರಿತನದಿಂದ ಒಡ್ಡನ್ನು ಭದ್ರಪಡಿಸದೆ ನೆರೆಯ ಹೊಲಗಳನ್ನು ಮುಳುಗಿಸಿದವನು ಹಾಳಾದ ಧಾನ್ಯವನ್ನು ತುಂಬಿಕೊಡಬೇಕೆಂದು ವಿಧಿಸಿತ್ತು. ಪವಿತ್ರ ಗ್ರಂಥದ ಧರ್ಮೋಪದೇಶಕಾಂಡ (22:8) ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಹೊಸ ಮನೆ ಕಟ್ಟುವವನು ಮಾಳಿಗೆಗೆ ಕೈಪಿಡಿಗೋಡೆ ಕಟ್ಟಬೇಕು, ಇಲ್ಲದಿದ್ದರೆ ಬಿದ್ದು ಸತ್ತವನ ರಕ್ತದ ದೋಷ ಆ ಮನೆಗೆ ತಟ್ಟುತ್ತದೆ. ಇನ್ನೂ ಯಾರೂ ಬಿದ್ದಿಲ್ಲ; ಕರ್ತವ್ಯ ಮಾತ್ರ ಆಗಲೇ ಆರಂಭವಾಗಿದೆ. ಏರಿಗೂ ಇದೇ ನ್ಯಾಯ ಸಲ್ಲಬೇಕು.

ನಮ್ಮ ದೇಶದ 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ 15 ಮೀಟರಿಗಿಂತ ಎತ್ತರದವುಗಳಿಗೂ, 10ರಿಂದ 15 ಮೀಟರಿನೊಳಗಿನ ಕೆಲವಕ್ಕೂ ಅನ್ವಯಿಸುತ್ತದೆ. ಮೂರು ನಾಲ್ಕು ಮೀಟರಿನ ತೋಟದ ಏರಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಕಾನೂನಿನ ಕಣ್ಣು ತಲುಪದ ಕಡೆ ಕಾವಲಿಗೆ ಉಳಿಯುವುದು ಅಂತಃಸಾಕ್ಷಿಯೊಂದೇ.

ಬಡ ರೈತನು ಖರ್ಚನ್ನು ಎಲ್ಲಿಂದ ತರಬೇಕು ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಕರ್ನಾಟಕದ ಹಿರಿಯರು ಇದಕ್ಕೆ ದಾರಿ ಕಂಡಿದ್ದರು: ಕೆರೆಯನ್ನು ಕಟ್ಟಿ ಕಾಪಾಡುವವರಿಗೆ ಕಟ್ಟುಕೊಡಗೆಯೆಂದು ಭೂಮಿ ಬಿಡುತ್ತಿದ್ದರು. ನೀರಿನ ಲಾಭ ಹಲವರಿಗಾದರೆ ದುರಸ್ತಿಯ ಭಾರವನ್ನೂ ಹಲವರು ಹೊರಬಹುದು. ಆದರೆ ಕೆಲವು ಕೆಲಸಗಳಿಗೆ ಹಣಕ್ಕಿಂತ ಮನಸ್ಸೇ ಮುಖ್ಯ. ಮೃಗಶಿರಾ ಮಳೆಗೆ ಮುಂಚೆ ಕೋಡಿಯನ್ನು ಬಿಡಿಸುವುದು, ಏರಿಯ ಮೇಲಿನ ಗಿಡಗಳನ್ನು ಮರವಾಗುವ ಮೊದಲೇ ಕೀಳುವುದು, ಮಳೆಯ ದಿನಗಳಲ್ಲಿ ಹಿಂಬದಿಯನ್ನು ಒಮ್ಮೆ ನಡೆದು ನೋಡುವುದು, ಸಂಶಯ ಬಂದರೆ ನೀರಿನ ಮಟ್ಟ ಇಳಿಸಿ ತಿಳಿದವರನ್ನು ಕರೆಸುವುದು, ಕೆಳಗಿನ ಮನೆಗಳವರಿಗೆ ಮುಚ್ಚಿಡದೆ ಹೇಳುವುದು. ನಗರದಲ್ಲಿರುವ ಒಡೆಯನು ಇದನ್ನು ಆಳಿನ ಮೇಲೆ ಬಿಟ್ಟು ನಿದ್ರಿಸಲಾಗದು. ತಂದೆಯ ಜಮೀನು ಮಕ್ಕಳಿಗೆ ಬರುವಾಗ ಈ ಹೊಣೆಯೂ ಅದರೊಡನೆ ಬರುತ್ತದೆ.

ನಮ್ಮ ಏರಿ ಈ ವರ್ಷವೂ ಒಡೆಯಲಿಲ್ಲವೆಂದು ದೇವರಿಗೆ ಕೃತಜ್ಞತೆ ಸಲ್ಲಿಸುವುದು ಒಳ್ಳೆಯದೇ. ಆದರೆ ಅದು ನಮ್ಮ ಆರೈಕೆಯಿಂದ ಉಳಿಯಿತೋ, ಮೋಡದ ದಯೆಯಿಂದ ಉಳಿಯಿತೋ ಎಂಬುದನ್ನು ಏರಿಯ ಮೇಲೆ ನಡೆದು ಬಂದವನೇ ಹೇಳಬಲ್ಲನು.