ಬಿಚ್ಚಲಾಗದ ಪೆಟ್ಟಿಗೆ

ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಗ್ಯಾಸ್ಕೆಟ್ ಬದಲಿಸುತ್ತೇವೆ, ಕುಕ್ಕರನ್ನೇ ಎಸೆಯುವುದಿಲ್ಲ. ಪರದೆಯ ಬೆನ್ನಿನಲ್ಲೇ ಎಲ್ಲವನ್ನೂ ಅಡಗಿಸಿಕೊಂಡ ಆಲ್-ಇನ್-ಒನ್ ಕಂಪ್ಯೂಟರಿಗೆ ಮಾತ್ರ ಈ ನ್ಯಾಯ ಸಲ್ಲದಂತೆ. ಹೊಸ ಆಟಗಳಿಗೆ ಗ್ರಾಫಿಕ್ಸ್ ಸಾಲದೆಂದು ಮಗ ನಮ್ಮದನ್ನು ರಿಪೇರಿ ಅಂಗಡಿಗೆ ಒಯ್ದ. ‘ಚಿಪ್ಪನ್ನು ಬೋರ್ಡಿಗೇ ಬೆಸೆದಿದ್ದಾರೆ, ಹೊಸದೇ ತಗೊಳ್ಳಿ’ ಅಂದರಂತೆ.

ಆಟಕ್ಕೆ ಇಷ್ಟೊಂದು ಖರ್ಚೇ ಎಂದು ನಾನು ಗೊಣಗುವುದಿಲ್ಲ. ನಾವು ಕಾದಂಬರಿ ಓದುತ್ತಿದ್ದಾಗ ಹಿರಿಯರೂ ಹೀಗೇ ಗೊಣಗುತ್ತಿದ್ದರಲ್ಲ! ನನ್ನನ್ನು ಕಾಡುವುದು ಬೇರೆ. ಒಂದು ಚಿಪ್ಪು ಹಳತಾಯಿತೆಂದು, ಚೆನ್ನಾಗಿರುವ ಪರದೆಯನ್ನೂ ಕಸವೆನ್ನುವುದು ಸರಿಯೇ?

2011ರ ಐಮ್ಯಾಕಿನಲ್ಲಿ ಗ್ರಾಫಿಕ್ಸ್ ಬೇರೆ ಕಾರ್ಡಾಗಿತ್ತು. ಧೈರ್ಯಸ್ಥರು ಬಿಚ್ಚಿ ಬದಲಿಸುತ್ತಿದ್ದರು. 2012ರಲ್ಲಿ ಅಂಚು ತೆಳುವಾಯಿತು, ಗಾಜನ್ನು ಅಂಟು ಹಾಕಿ ಕೂರಿಸಿದರು. 2021ರ ಮಾದರಿಯಲ್ಲಂತೂ ಗ್ರಾಫಿಕ್ಸ್ ಮುಖ್ಯ ಚಿಪ್ಪಿನೊಳಗೇ ಸೇರಿಹೋಗಿದೆ. ತೆಳುವಾಗಲೆಂದು ಬಯಸಿದವರು ಯಾರು? ತಂತಿಗಳ ಗೋಜಲಿಲ್ಲದ ಮೇಜನ್ನು ಮೆಚ್ಚುವ ನಮ್ಮಂಥವರೂ ಹೌದು. ಆದರೆ ಸೊಗಸನ್ನು ಒಪ್ಪಿದರೆ ಬೀಗವನ್ನೂ ಒಪ್ಪಿದಂತೆಯೇ?

ಕೆಲವು ಮಾದರಿಗಳಲ್ಲಿ ‘ಎಚ್‌ಡಿಎಂಐ ಇನ್’ ಎಂಬ ಕಿಂಡಿಯಿರುತ್ತದೆ. ಬೇರೆ ಸಿಪಿಯು ಜೋಡಿಸಿ ಅದನ್ನು ಬರೀ ಪರದೆಯಾಗಿ ಬಳಸಬಹುದು. ಪುಣ್ಯಕ್ಕೆ ನಮ್ಮದರಲ್ಲಿ ಅದಿದೆ. ಮಗ ದುಡ್ಡು ಕೂಡಿಸುತ್ತಿದ್ದಾನೆ. ಮುಚ್ಚಳಕ್ಕೆ ತಿರುಪು ಇರುವಂಥದ್ದನ್ನೇ ನೋಡಿ ತಾ ಎಂದು ಹೇಳಿದ್ದೇನೆ.