ಬೇಕೆಂದೇ ಕೆಡಿಸಿದ ಸರೋವರಗಳು

ಕೆನಡಾದ ಒಂಟಾರಿಯೊ ಪ್ರಾಂತ್ಯದ ವಾಯವ್ಯ ಮೂಲೆಯ ಕಾಡಿನಲ್ಲಿ ಅಂಕಿಯಿಂದಲೇ ಕರೆಸಿಕೊಳ್ಳುವ ಸರೋವರಗಳಿವೆ. ಅವುಗಳಲ್ಲಿ 260ನೆಯದಕ್ಕೆ 2001ರಿಂದ ಮೂರು ಬೇಸಿಗೆ ವಿಜ್ಞಾನಿಗಳೇ ಗರ್ಭನಿರೋಧಕ ಮಾತ್ರೆಯಲ್ಲಿರುವ ಕೃತಕ ಈಸ್ಟ್ರೊಜೆನ್ ಬೆರೆಸಿದರು. ಪ್ರಮಾಣ ಲೀಟರಿಗೆ ಐದಾರು ನ್ಯಾನೊಗ್ರಾಂ, ಅಷ್ಟೇ. ಫ್ಯಾಟ್‌ಹೆಡ್ ಮಿನ್ನೊ ಎಂಬ ಬೆರಳುದ್ದದ ಮೀನಿನ ಗಂಡುಗಳ ಮೈಯಲ್ಲಿ ಮೊಟ್ಟೆಯ ಹಳದಿಗೆ ಬೇಕಾದ ಪ್ರೋಟೀನು ಹುಟ್ಟಿತು. ಮರಿಗಳು ಬರುವುದು ನಿಂತಿತು. ಕೆಲವೇ ವರ್ಷಗಳಲ್ಲಿ ಆ ಮೀನಿನ ಸಂತತಿ ಅಲ್ಲಿ ಹೆಚ್ಚುಕಡಿಮೆ ಅಳಿದೇಹೋಯಿತು. ಕ್ಯಾರೆನ್ ಕಿಡ್ ಮತ್ತು ಸಂಗಡಿಗರು 2007ರಲ್ಲಿ ಇದನ್ನು ಪ್ರಕಟಿಸಿದಾಗ, ನಗರಗಳ ಒಳಚರಂಡಿ ನೀರು ಮೀನುಗಳಿಗೆ ಏನು ಮಾಡಬಲ್ಲದು ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿತು.

ಇದು ಅವಘಡವಲ್ಲ. 1968ರಲ್ಲಿ ಆರಂಭವಾದ ಆ 'ಪ್ರಾಯೋಗಿಕ ಸರೋವರ ಪ್ರದೇಶ' ಇರುವುದೇ ಇಂಥ ಕೆಲಸಕ್ಕೆ. ಲೋಕದ ಕೆರೆಗಳನ್ನು ಉಳಿಸಲು ಒಂದು ಕೆರೆಯನ್ನು ಕೆಡಿಸಬಹುದೇ?

ಕನ್ನಡಿಗರಿಗೆ ಈ ಪ್ರಶ್ನೆ ಹೊಸದಲ್ಲ. 'ಕೆರೆಗೆ ಹಾರ' ಎಂಬ ಜನಪದ ಕಥನಗೀತೆಯಲ್ಲಿ ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲೆಂದು ಕಿರಿಸೊಸೆ ಭಾಗೀರಥಿ ಬಲಿಯಾಗುತ್ತಾಳೆ. ನೀರೇನೋ ಬರುತ್ತದೆ. ಆದರೂ ದಂಡಿನಿಂದ ಮರಳಿದ ಗಂಡ ಮಾದೇವರಾಯ ಅದೇ ಕೆರೆಗೆ ಹಾರಿಕೊಳ್ಳುತ್ತಾನೆ. ಊರಿಗೆ ಆದ ಲಾಭದಿಂದ ಆ ಸಾವಿನ ಲೆಕ್ಕ ಚುಕ್ತಾ ಆಗುವುದಿಲ್ಲ.

ಲಾಭ ದೊಡ್ಡದೇ ಎಂಬುದನ್ನಂತೂ ಅಲ್ಲಗಳೆಯಲಾಗದು. 1973ರಲ್ಲಿ ಡೇವಿಡ್ ಶಿಂಡ್ಲರ್ ತಂಡ 226ನೇ ಸರೋವರದ ನಡುವೆ ಪ್ಲಾಸ್ಟಿಕ್ ಪರದೆ ಕಟ್ಟಿ ಎರಡು ಪಾಲು ಮಾಡಿತು. ಒಂದು ಬದಿಗೆ ಇಂಗಾಲ ಮತ್ತು ಸಾರಜನಕ, ಇನ್ನೊಂದು ಬದಿಗೆ ಅವೆರಡರ ಜತೆ ರಂಜಕ. ರಂಜಕ ಬಿದ್ದ ಬದಿ ಪಾಚಿಯಿಂದ ಹಸಿರುಗಟ್ಟಿತು. ಕೆರೆಗಳನ್ನು ಕೊಳೆಸುವುದು ಇಂಗಾಲವೆಂದು ವಾದಿಸುತ್ತಿದ್ದವರಿಗೆ ಆಕಾಶದಿಂದ ತೆಗೆದ ಆ ಒಂದು ಫೋಟೊ ಉತ್ತರವಾಯಿತು; ಡಿಟರ್ಜೆಂಟ್‌ಗಳಲ್ಲಿ ಫಾಸ್ಫೇಟ್ ತಗ್ಗಿಸುವ ಕಾನೂನುಗಳಿಗೆ ಅದು ಬಲ ತುಂಬಿತು.

ಹಾಗಿದ್ದರೆ ಪ್ರಯೋಗಾಲಯದ ತೊಟ್ಟಿಯಲ್ಲೇ ಪರೀಕ್ಷೆ ಮಾಡಬಾರದಿತ್ತೇ? 223ನೇ ಸರೋವರ ಇದಕ್ಕೆ ಉತ್ತರ ಕೊಡುತ್ತದೆ. 1976ರಿಂದ ಅದಕ್ಕೆ ಮೆಲ್ಲಮೆಲ್ಲನೆ ಗಂಧಕಾಮ್ಲ ಸೇರಿಸಲಾಯಿತು. ದೊಡ್ಡ ಟ್ರೌಟ್ ಮೀನುಗಳು ಆಮ್ಲವನ್ನು ತಾಳಿಕೊಂಡವು, ಆದರೆ ಅವುಗಳ ಆಹಾರವಾಗಿದ್ದ ಸಣ್ಣ ಜೀವಿಗಳು ಮೊದಲೇ ಮಾಯವಾದವು. ಟ್ರೌಟ್‌ಗಳು ಹಸಿವಿನಿಂದ ಬಡಕಲಾದವು. ತೊಟ್ಟಿಯಲ್ಲಿ ಹೊತ್ತುಹೊತ್ತಿಗೆ ಮೇವು ತಿನ್ನುವ ಮೀನು ಈ ಸಂಗತಿಯನ್ನು ಎಂದೂ ಹೇಳುತ್ತಿರಲಿಲ್ಲ.

ಜೈನ ಚಿಂತನೆಯ ಅಳತೆಗೋಲು ಇಲ್ಲಿ ಒದಗುತ್ತದೆ. ಗೃಹಸ್ಥನ ಹಿಂಸೆಯನ್ನು ಅದು ನಾಲ್ಕಾಗಿ ವಿಂಗಡಿಸುತ್ತದೆ: ಮನೆಗೆಲಸದಲ್ಲಿ ಆಗುವ ಆರಂಭಿ, ಕಸುಬಿನಲ್ಲಿ ಆಗುವ ಉದ್ಯೋಗಿ, ಆತ್ಮರಕ್ಷಣೆಯ ವಿರೋಧಿ, ಬೇಕೆಂದೇ ಮಾಡುವ ಸಂಕಲ್ಪಿ. ಮೊದಲ ಮೂರಕ್ಕೆ ಸಂಸಾರಿಗೆ ಒಂದಿಷ್ಟು ರಿಯಾಯಿತಿ ಉಂಟು, ಕೊನೆಯದಕ್ಕೆ ಇಲ್ಲ. ಮೇಲ್ನೋಟಕ್ಕೆ 260ರ ವಿಜ್ಞಾನಿ ತಪ್ಪಿತಸ್ಥ; ದಿನವೂ ಸೋಪಿನ ನೀರನ್ನು ಚರಂಡಿಗೆ ಬಿಡುವ ನಗರವಾಸಿ ಪಾರು.

ಆದರೆ ಅದೇ ಪರಂಪರೆಯ ತತ್ತ್ವಾರ್ಥಸೂತ್ರ ಹಿಂಸೆಯ ಬೇರನ್ನು ಪ್ರಮಾದದಲ್ಲಿ, ಅಂದರೆ ಎಚ್ಚರಗೇಡಿತನದಲ್ಲಿ, ಕಾಣುತ್ತದೆ. ಆಗ ತಕ್ಕಡಿ ವಾಲುತ್ತದೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಅವುಗಳನ್ನು ಕೊಲ್ಲಬೇಕೆಂದು ಯಾರೂ ಸಂಕಲ್ಪಿಸಿರಲಿಲ್ಲ. ಹಾಗಾಗಿಯೇ ಉತ್ತರ ಹೇಳಬೇಕಾದವರೂ ಯಾರೂ ಇರಲಿಲ್ಲ. 260ರಲ್ಲಿ ಬೆರೆಸಿದ್ದು ಏನು, ಎಷ್ಟು, ಯಾರು ಎಂಬುದೆಲ್ಲ ಬರಹದಲ್ಲಿದೆ. ಹಾರ್ಮೋನು ಬೆರೆಸುವುದನ್ನು ನಿಲ್ಲಿಸಿದ ಮೇಲೂ ನಿಗಾ ಮುಂದುವರಿಯಿತು. ಮಿನ್ನೊಗಳು ಮತ್ತೆ ಹೆಚ್ಚಿದ್ದನ್ನೂ ದಾಖಲಿಸಿದರು.

ಇಷ್ಟರಿಂದ ವಿಜ್ಞಾನಿಗೆ ಪೂರ್ತಿ ಖುಲಾಸೆ ಸಿಗದು. ಮೀನಿಗೆ ನೋವೇ ಇಲ್ಲವೆಂಬ ಹಳೆಯ ಸಮಾಧಾನವನ್ನು 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಅಲುಗಿಸಿದರು: ತುಟಿಗೆ ಆಮ್ಲ ಚುಚ್ಚಿಸಿಕೊಂಡ ಟ್ರೌಟ್‌ಗಳು ಬಾಯನ್ನು ತೊಟ್ಟಿಯ ಜಲ್ಲಿಗೆ ಉಜ್ಜಿಕೊಂಡವು. ಒಂಟಾರಿಯೊದ ಕೇಂದ್ರವೂ ಈಚೆಗೆ ಮೀನನ್ನು ಕೊಲ್ಲದೆ, ಮೈಯ ಲೋಳೆಯಿಂದಲೇ ಮಾದರಿ ತೆಗೆಯುವ ದಾರಿಗಳನ್ನು ಹುಡುಕುತ್ತಿದೆ.

ನಿಜವಾದ ಇಕ್ಕಟ್ಟು ಇರುವುದು 227ನೇ ಸರೋವರದಲ್ಲಿ. 1969ರಿಂದ ಅದಕ್ಕೆ ರಂಜಕ ಸುರಿಯಲಾಗುತ್ತಿದೆ. ಜತೆಗೆ ಸೇರಿಸುತ್ತಿದ್ದ ಸಾರಜನಕವನ್ನು 1990ರಿಂದ ಪೂರ್ತಿ ನಿಲ್ಲಿಸಿದರೂ ಪಾಚಿ ತಗ್ಗಲಿಲ್ಲ. ಕೆಲವು ಬಗೆಯ ನೀಲಿಹಸಿರು ಪಾಚಿಗಳು ಗಾಳಿಯ ಸಾರಜನಕವನ್ನೇ ಹೀರಿಕೊಂಡವು. ಇಂಥ ತಿಳಿವಳಿಕೆ ದಶಕಗಳ ದಾಖಲೆಯಿಂದಲ್ಲದೆ ಸಿಗುತ್ತಿರಲಿಲ್ಲ. 260ಕ್ಕೆ ಸಿಕ್ಕ ಬಿಡುವು 227ಕ್ಕೆ ಸಿಕ್ಕಿಲ್ಲ. ಪ್ರಯೋಗ ಹಳತಾದಷ್ಟೂ ಅದರ ದಾಖಲೆಗೆ ಬೆಲೆ ಹೆಚ್ಚು, ನಿಲ್ಲಿಸುವುದೂ ಅಷ್ಟೇ ಕಷ್ಟ. ಹೀಗೆ ಒಂದು ಸರೋವರ ಎಷ್ಟು ಕಾಲ ಉಳಿದವುಗಳ ಪರವಾಗಿ ಹಸಿರುಗಟ್ಟಿರಬೇಕು ಎಂಬುದನ್ನು ರಂಜಕದ ಲೆಕ್ಕ ಹೇಳುವುದಿಲ್ಲ. ಅದನ್ನು ನಿರ್ಧರಿಸಬೇಕಾದವರು ಸುರಿಯುವವರೇ.