ಅನನ್ಯತಾಂಶವೆಂಬ ಹೆಸರು

ಸೊನ್ನೆಯನ್ನು ಕೂಡಿದರೆ ಯಾವ ಸಂಖ್ಯೆಯೂ ಮಾರ್ಪಡುವುದಿಲ್ಲ; ಒಂದರಿಂದ ಗುಣಿಸಿದರೂ ಹಾಗೆಯೇ. ಈ ಗುಣವುಳ್ಳ ಅಂಶಕ್ಕೆ ಕನ್ನಡದ ಗಣಿತಪುಸ್ತಕಗಳು ‘ಅನನ್ಯತಾಂಶ’ವೆಂದು ಹೆಸರಿಟ್ಟಿವೆ. ಯಾವುದನ್ನೂ ಮಾರ್ಪಡಿಸದ ವಸ್ತುವನ್ನು ಏನೂ ಮಾಡದ ವಸ್ತುವೆಂದು ಎಣಿಸುವುದು ಲೋಕರೂಢಿ. ಆ ರೂಢಿಯು ಯುಕ್ತವೆ?

ಮದ್ದೂರು ಸೀಮೆಯ ಚಿಕ್ಕರಸಿನಕೆರೆಯ ಸುತ್ತಣ ಕಬ್ಬಿನ ನಾಡಿನಲ್ಲಿ ಎತ್ತು ಕಟ್ಟಿ ಗಾಣವಾಡಿಸುತ್ತಿದ್ದ ಕಾಲವನ್ನು ನೆನೆಯಬಹುದು. ಎತ್ತು ಒಂದು ಪೂರ್ಣ ಸುತ್ತು ನಡೆದು ಹೊರಟ ಎಡೆಗೇ ಬರುತ್ತದೆ. ಅದು ನಿಂತ ನೆಲೆಯನ್ನಷ್ಟೇ ನೋಡುವ ಗಣಿತಜ್ಞನಿಗೆ ಸುತ್ತಿ ಬಂದುದೂ ಕದಲದೆ ನಿಂತುದೂ ಒಂದೇ, ಎರಡೂ ಅನನ್ಯತಾಂಶವೇ. ಕಾಲುಸುತ್ತನ್ನು ನಾಲ್ಕು ಬಾರಿ ಸೇರಿಸಿದರೂ ಫಲವದೇ. ಆದರೆ ಕೊಪ್ಪರಿಗೆಯ ಬಳಿ ಕುಳಿತವನು ಇದನ್ನು ಒಪ್ಪಿಯಾನೆ? ಅವನ ಲೆಕ್ಕದಲ್ಲಿ ಕಬ್ಬಿನ ಹಾಲು ಇಳಿದಿದೆ. (ಎತ್ತಿನ ಕೊರಳೂ ಒಪ್ಪಲಾರದು.) ಯಾವುದು, ಯಾವ ಕ್ರಿಯೆಯಲ್ಲಿ ಎಂದು ಹೇಳದೆ ‘ಮಾರ್ಪಡಲಿಲ್ಲ’ವೆನ್ನುವುದು ಅರ್ಧ ಮಾತು.

ಈ ಎಚ್ಚರಿಕೆಯು ಮಹಾಪಂಡಿತರಿಗೂ ತಪ್ಪಿದುದುಂಟು. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಳಿಕೆಯಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು, ಸೊನ್ನೆಯಿಂದ ಗುಣಿಸಿದ ರಾಶಿಯು ಸೊನ್ನೆಯೆಂದೂ, ಸೊನ್ನೆಯನ್ನು ಕೂಡಿದರೆ, ಕಳೆದರೆ, ಸೊನ್ನೆಯಿಂದ ಭಾಗಿಸಿದರೆ ರಾಶಿಯು ‘ಅವಿಕಾರಿ’ಯೆಂದೂ ವಿಧಿಸಿದನು. ಕೂಡುವಲ್ಲಿ, ಕಳೆಯುವಲ್ಲಿ ಈ ವಿಧಿ ನಿಜ, ಭಾಗಹಾರದಲ್ಲಿ ಅಲ್ಲ. ಐದನ್ನು ಸೊನ್ನೆಯಿಂದ ಭಾಗಿಸಿ ಐದೇ ಬಂದರೆ, ಐದನ್ನು ಸೊನ್ನೆಯಿಂದ ಗುಣಿಸಿದಾಗಲೂ ಐದೇ ಬರಬೇಕಾದೀತು. ಅದು ಅವನ ಮೊದಲ ವಿಧಿಗೇ ವಿರುದ್ಧ. ಹಂಚಿಕೊಳ್ಳುವವರೇ ಇಲ್ಲದಿದ್ದರೆ ಹಣ್ಣು ಇದ್ದಂತೆಯೇ ಉಳಿಯುತ್ತದೆಂಬ ಲೋಕಾನುಭವವು ಅವನನ್ನು ಒಲಿಸಿರಬಹುದು. ದೋಷವಿದ್ದುದು ಎಣಿಕೆಯಲ್ಲಿ ಅಲ್ಲ. ಒಂದು ಕ್ರಿಯೆಗೆ ಸಲ್ಲುವ ವಿಶೇಷಣವನ್ನು ಇನ್ನೊಂದಕ್ಕೆ ಹಬ್ಬಿಸಿದುದರಲ್ಲಿ. 1150ರಲ್ಲಿ ಭಾಸ್ಕರಾಚಾರ್ಯನು ‘ಲೀಲಾವತಿ’ಯಲ್ಲಿ ಸೊನ್ನೆಯಿಂದ ಭಾಗಿಸಿದ ರಾಶಿಗೆ ‘ಖಹರ’ವೆಂದು ಬೇರೆಯೇ ಹೆಸರನ್ನು ಕೊಟ್ಟನು.

ಇಂದಿನ ಬೀಜಗಣಿತವು ಚಿಹ್ನೆಗಳಲ್ಲಿಯೇ ಈ ಎಚ್ಚರವನ್ನಿರಿಸಿದೆ. ಕೂಡುವ ಕ್ರಿಯೆಯ ಅನನ್ಯತಾಂಶಕ್ಕೆ 0, ಗುಣಿಸುವ ಕ್ರಿಯೆಯದಕ್ಕೆ 1. 1854ರಲ್ಲಿ ಇಂಗ್ಲೆಂಡಿನ ಕೇಲಿಯು, ಸಂಖ್ಯೆಗಳೇ ಅಲ್ಲದ ಕ್ರಿಯೆಗಳ ಶಾಸ್ತ್ರದಲ್ಲಿಯೂ 1ನ್ನೇ ಬಳಸಿದನು. ಜರ್ಮನರ ‘ಇ’ ಅಕ್ಷರವು ಅವರ ‘ಐನ್‌ಹೈಟ್’, ಎಂದರೆ ಏಕತ್ವ, ಎಂಬ ಪದದ ಮೊದಲಕ್ಷರ. ಸಂಖ್ಯೆಯ ನೆನಪನ್ನೇ ಬಿಟ್ಟ ಈ ಅಕ್ಷರವು ಯಾವ ಕ್ರಿಯೆಗಾದರೂ ಒಗ್ಗುವುದರಿಂದ ಉತ್ತಮವೆನ್ನಬೇಕು.

ಕನ್ನಡದ ಹೆಸರಿಗೂ ಒಂದು ಭಾಗ್ಯವುಂಟು. ‘ಅನನ್ಯ’ವೆಂದರೆ ಬೇರೆಯಲ್ಲದ್ದು, ಸಾಟಿಯಿಲ್ಲದ್ದು, ಒಂದೇ ಆದುದು ಎಂಬ ಅರ್ಥವೂ ಅದಕ್ಕಿದೆ. ಮೊದಲ ಅರ್ಥದಿಂದ ಎರಡನೆಯದು ತಾನಾಗಿಯೇ ಸಿದ್ಧಿಸುತ್ತದೆ. ಒಂದೇ ಕ್ರಿಯೆಯಲ್ಲಿ ಎರಡು ಅಂಶಗಳು ಈ ಪದವಿಯನ್ನು ಕೇಳಿಬಂದರೆ ಅವೆರಡನ್ನೇ ಪರಸ್ಪರ ಸೇರಿಸಬೇಕು. ಮೊದಲನೆಯದು ಎರಡನೆಯದನ್ನು ಮಾರ್ಪಡಿಸದಾದುದರಿಂದ ಫಲವು ಎರಡನೆಯದು. ಎರಡನೆಯದು ಮೊದಲನೆಯದನ್ನು ಮಾರ್ಪಡಿಸದಾದುದರಿಂದ ಅದೇ ಫಲವು ಮೊದಲನೆಯದು. ಹಾಗೆ ಬಂದವು ಎರಡಲ್ಲ, ಒಂದೇ.